ಕ್ಯಾಂಪಸ್ ಪೊಲೀಸರ ಸೊಂಟದ ಪಿಸ್ತೂಲು

2013ರ ಏಪ್ರಿಲ್ 4. ಅಮೆರಿಕದ ರೋಡ್ ಐಲೆಂಡ್ ವಿಶ್ವವಿದ್ಯಾಲಯದ ಚೇಫಿ ಹಾಲ್‌ನ ದೊಡ್ಡ ತರಗತಿಯೊಂದರಲ್ಲಿ ಪಾಠ ನಡೆಯುತ್ತಿದ್ದಾಗ ಯಾರೋ ‘ಗನ್’ ಎಂದದ್ದು ಯಾರಿಗೋ ಕೇಳಿಸಿತು. ವಿದ್ಯಾರ್ಥಿಗಳು ಎದ್ದುಬಿದ್ದು ಬಾಗಿಲಿನತ್ತ ಓಡಿದರು. ಒಳಗೆ ಬಂದೂಕುಧಾರಿ ಇದ್ದಾನೆಂಬ ಸುದ್ದಿ ಇಡೀ ಕ್ಯಾಂಪಸ್ಸಿಗೆ ಹಬ್ಬಿ, ಕೊಠಡಿಗಳ ಬಾಗಿಲುಗಳೆಲ್ಲ ಒಳಗಿನಿಂದ ಭದ್ರವಾದವು. ವಿಶ್ವವಿದ್ಯಾಲಯಕ್ಕೆ ತನ್ನದೇ ಪೊಲೀಸ್ ಪಡೆ ಇತ್ತು. ಆದರೆ ಆ ಪೊಲೀಸರ ಬಳಿ ಬಂದೂಕಿರಲಿಲ್ಲ. ಊರಿನ ಪೊಲೀಸರೂ ರಾಜ್ಯ ಪೊಲೀಸರೂ ಹೊರಗಿನಿಂದ ಬಂದು ಕಟ್ಟಡವನ್ನು ಜಾಲಾಡಿದರು. ಬಂದೂಕೂ ಸಿಗಲಿಲ್ಲ, ಬಂದೂಕುಧಾರಿಯೂ ಸಿಗಲಿಲ್ಲ.

ಒಂದು ಗುಂಡೂ ಹಾರದ ಆ ದಿನದ ಗಾಬರಿ ದೊಡ್ಡ ಚರ್ಚೆಗೆ ದಾರಿಯಾಯಿತು. ಸುಮಾರು ಎರಡು ವರ್ಷಗಳ ನಂತರ, 2015ರಲ್ಲಿ, ಅಲ್ಲಿನ ಕ್ಯಾಂಪಸ್ ಪೊಲೀಸರ ಸೊಂಟಕ್ಕೆ ಪಿಸ್ತೂಲು ಬಂತು. ಅಮೆರಿಕದ 50 ರಾಜ್ಯಗಳ ಪೈಕಿ ಸರ್ಕಾರಿ ವಿಶ್ವವಿದ್ಯಾಲಯಗಳ ಪೊಲೀಸರನ್ನು ನಿರಾಯುಧರಾಗಿಯೇ ಉಳಿಸಿಕೊಂಡಿದ್ದ ಕೊನೆಯ ರಾಜ್ಯ ಅದಾಗಿತ್ತು.

ಕಾಲೇಜಿನ ಗೇಟಿನಲ್ಲಿ ಲಾಠಿ ಹಿಡಿದ ಸೆಕ್ಯುರಿಟಿಯವರನ್ನು ಕಂಡು ಬೆಳೆದ ನಮಗೆ ‘ಕ್ಯಾಂಪಸ್ ಪೊಲೀಸ್’ ಎಂದರೆ ಏನೆಂದು ಸಲೀಸಾಗಿ ಹೊಳೆಯುವುದಿಲ್ಲ. ಅಮೆರಿಕದಲ್ಲಿ ಇವರು ಕಾವಲುಗಾರರಲ್ಲ, ಕಾನೂನಿನ ಪ್ರಕಾರ ಪ್ರಮಾಣವಚನ ಸ್ವೀಕರಿಸಿದ ಪೂರ್ಣಪ್ರಮಾಣದ ಪೊಲೀಸರು. ಇವರು ಬಂಧಿಸಬಹುದು, ವಾಹನ ತಡೆಯಬಹುದು, ಕೇಸು ದಾಖಲಿಸಬಹುದು. ಸಂಬಳ ಕೊಡುವುದು, ಮುಖ್ಯಸ್ಥರನ್ನು ನೇಮಿಸುವುದು ವಿಶ್ವವಿದ್ಯಾಲಯ. 2,500 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ, ನಾಲ್ಕು ವರ್ಷದ ಪದವಿ ನೀಡುವ ಸಂಸ್ಥೆಗಳನ್ನು ಅಲ್ಲಿನ ನ್ಯಾಯಾಂಗ ಇಲಾಖೆಯ ಅಂಕಿಅಂಶ ವಿಭಾಗ 2011-12ರಲ್ಲಿ ಸಮೀಕ್ಷೆ ಮಾಡಿದಾಗ ಶೇ 75ರಷ್ಟು ಕ್ಯಾಂಪಸ್‌ಗಳಲ್ಲಿ ಶಸ್ತ್ರಸಜ್ಜಿತ ಸಿಬ್ಬಂದಿ ಇದ್ದರು. ಏಳು ವರ್ಷ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 68 ಇತ್ತು.

ಈ ವ್ಯವಸ್ಥೆಯ ಬೇರು 1894ರ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಅಂಗರಚನಾ ಶಾಸ್ತ್ರದ ಪಾಠಕ್ಕಾಗಿ ವಿದ್ಯಾರ್ಥಿಗಳು ಸ್ಮಶಾನದಿಂದ ಹೆಣ ಕದಿಯುತ್ತಾರೆಂಬ ಗುಲ್ಲು, ಊರಿನವರೊಂದಿಗೆ ಜಗಳ, ಪೊಲೀಸರೊಂದಿಗೆ ಕೈಕೈ ಮಿಲಾಯಿಸುವುದು ಹೆಚ್ಚಾದಾಗ ನ್ಯೂಹೇವನ್ ನಗರದ ಇಬ್ಬರು ಪೊಲೀಸರನ್ನು ಕ್ಯಾಂಪಸ್ಸಿಗೆಂದೇ ನಿಯೋಜಿಸಲಾಯಿತು. ಹುಡುಗರನ್ನು ಅರಿತು, ತಾಳ್ಮೆಯಿಂದ ನಡೆಸಿಕೊಳ್ಳುವವರು ಬೇಕೆಂಬುದು ಮೂಲ ಉದ್ದೇಶವಾಗಿತ್ತು. ಮುಂದೆ ಬಹುಕಾಲ ಬೇರೆ ಕ್ಯಾಂಪಸ್‌ಗಳಲ್ಲಿ ಈ ಕೆಲಸ ರಾತ್ರಿ ಬಾಗಿಲು ಹಾಕುವುದು, ಬೆಂಕಿ ಬಿದ್ದರೆ ಕೂಗುವುದು, ವಾಹನ ನಿಲುಗಡೆ ನೋಡಿಕೊಳ್ಳುವುದು, ಇಷ್ಟರಲ್ಲೇ ಮುಗಿಯುತ್ತಿತ್ತು.

ಅದನ್ನು ಬದಲಿಸಿದ್ದು 1960ರ ದಶಕ. 1966ರ ಆಗಸ್ಟ್ 1ರಂದು ಟೆಕ್ಸಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ಸಿನ ಗೋಪುರ ಹತ್ತಿದ ಚಾರ್ಲ್ಸ್ ವಿಟ್ಮನ್ ಎಂಬಾತ 28ನೇ ಮಹಡಿಯಿಂದ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಕೆಳಗೆ ಓಡಾಡುತ್ತಿದ್ದವರ ಮೇಲೆ ಗುಂಡಿನ ಮಳೆಗರೆದ. ನಡು ಮಧ್ಯಾಹ್ನದ ಬಿಸಿಲಲ್ಲಿ ಗಾಯಾಳುಗಳು ಕಾದ ನೆಲದ ಮೇಲೆ ಬಿದ್ದಿದ್ದರು. ಹತ್ತಿರ ಹೋದವರಿಗೂ ಗುಂಡು ಬೀಳುತ್ತಿತ್ತು. ಊರಿನವರು ಮನೆಯಿಂದ ಬೇಟೆಯ ಕೋವಿ ತಂದು ಗೋಪುರದತ್ತ ಹಾರಿಸತೊಡಗಿದರು. ಕೊನೆಗೆ ಆಸ್ಟಿನ್ ನಗರದ ಪೊಲೀಸರು ಮೇಲೇರಿ ಅವನನ್ನು ಕೊಂದರು. ಮರುವರ್ಷವೇ ಟೆಕ್ಸಸ್ ಶಾಸನಸಭೆ ವಿಶ್ವವಿದ್ಯಾಲಯಗಳಿಗೆ ಸ್ವಂತ ಪೊಲೀಸ್ ಪಡೆ ಕಟ್ಟಿಕೊಳ್ಳುವ ಅಧಿಕಾರ ಕೊಟ್ಟಿತು.

ಅದೇ ಹೊತ್ತಿಗೆ ವಿಯೆಟ್ನಾಂ ಯುದ್ಧದ ವಿರುದ್ಧ ಕ್ಯಾಂಪಸ್‌ಗಳು ಕುದಿಯುತ್ತಿದ್ದವು. 1970ರ ಮೇ 4ರಂದು ಓಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಸೈನಿಕರು 13 ಸೆಕೆಂಡುಗಳಲ್ಲಿ 67 ಗುಂಡು ಹಾರಿಸಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದರು. ಹನ್ನೊಂದು ದಿನಗಳ ನಂತರ ಮಿಸಿಸಿಪಿಯ ಜಾಕ್ಸನ್ ಸ್ಟೇಟ್‌ನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಕಪ್ಪು ಯುವಕರು ಸತ್ತರು. ಹೊರಗಿನ ಪಡೆಗಳನ್ನು ಕರೆಸಿದರೆ ಏನಾಗುತ್ತದೆಂದು ಕುಲಪತಿಗಳಿಗೆ ಮನವರಿಕೆಯಾಯಿತು. ನಮ್ಮ ಹುಡುಗರನ್ನು ಅರಿತ ಪೊಲೀಸರು ನಮ್ಮಲ್ಲೇ ಇರಲಿ ಎಂಬ ಯೋಚನೆ ಬಲವಾಯಿತು. ಹೊರಗಿನವರ ಬಂದೂಕಿನಿಂದ ವಿದ್ಯಾರ್ಥಿಗಳನ್ನು ದೂರ ಇಡುವ ಆಸೆಯೂ ಕ್ಯಾಂಪಸ್ ಪೊಲೀಸ್ ಪಡೆಗಳನ್ನು ಬೆಳೆಸಿತು ಎಂಬುದನ್ನು ಇಂದಿನ ಚರ್ಚೆಯಲ್ಲಿ ಬಹಳ ಮಂದಿ ಮರೆತಿದ್ದಾರೆ.

ಬಂದೂಕು ಬೇಕೆನ್ನುವವರು ಇಂದು ಮೊದಲು ಎತ್ತುವ ಹೆಸರು ವರ್ಜೀನಿಯಾ ಟೆಕ್. ಆ ದಿನದ ವಿವರಗಳನ್ನು ಸಾವಧಾನವಾಗಿ ನೋಡಬೇಕು. 2007ರ ಏಪ್ರಿಲ್ 16ರ ಬೆಳಿಗ್ಗೆ ಏಳೂಕಾಲರ ಸುಮಾರಿಗೆ ಹಾಸ್ಟೆಲೊಂದರಲ್ಲಿ ಇಬ್ಬರು ವಿದ್ಯಾರ್ಥಿಗಳ ಕೊಲೆಯಾಯಿತು. ಇದು ವೈಯಕ್ತಿಕ ಜಗಳವಿರಬೇಕು, ಕೊಂದವನು ಕ್ಯಾಂಪಸ್ ಬಿಟ್ಟು ಹೋಗಿರಬೇಕು ಎಂದು ಪೊಲೀಸರು ಊಹಿಸಿದರು. ವಿದ್ಯಾರ್ಥಿಗಳಿಗೆ ಮೊದಲ ಇ-ಮೇಲ್ ಹೋದದ್ದು 9 ಗಂಟೆ 26 ನಿಮಿಷಕ್ಕೆ. ಅಷ್ಟರಲ್ಲಿ ಎಂದಿನಂತೆ ತರಗತಿಗಳು ತುಂಬಿದ್ದವು. ಸುಮಾರು 9 ಗಂಟೆ 40 ನಿಮಿಷಕ್ಕೆ ಅದೇ ಹಂತಕ ನಾರಿಸ್ ಹಾಲ್‌ನ ಮುಖ್ಯ ಬಾಗಿಲುಗಳಿಗೆ ಒಳಗಿನಿಂದ ಸರಪಳಿ ಬಿಗಿದು, ಎರಡನೇ ಮಹಡಿಯ ತರಗತಿಗಳಿಗೆ ಒಂದೊಂದಾಗಿ ನುಗ್ಗಿದ.

ಸುಮಾರು ಹನ್ನೊಂದು ನಿಮಿಷಗಳಲ್ಲಿ ಅವನು 174 ಗುಂಡು ಹಾರಿಸಿ 30 ಜನರನ್ನು ಕೊಂದ. ತಮಿಳುನಾಡಿನಲ್ಲಿ ಹುಟ್ಟಿ ಅಲ್ಲಿ ಜಲವಿಜ್ಞಾನ ಕಲಿಸುತ್ತಿದ್ದ ಪ್ರೊ. ಜಿ.ವಿ. ಲೋಗನಾಥನ್ ಪಾಠ ಮಾಡುತ್ತಿದ್ದಾಗಲೇ ಬಲಿಯಾದರು. ಹಿಟ್ಲರನ ಕಾಲದ ನರಮೇಧದಿಂದ ಪಾರಾಗಿ ಬಂದಿದ್ದ 76 ವರ್ಷದ ಪ್ರೊ. ಲಿವಿಯು ಲಿಬ್ರೆಸ್ಕು ತಮ್ಮ ಕೊಠಡಿಯ ಬಾಗಿಲಿಗೆ ಮೈಯೊಡ್ಡಿ ನಿಂತರು. ಅವರ ವಿದ್ಯಾರ್ಥಿಗಳು ಕಿಟಕಿಯಿಂದ ಜಿಗಿದು ಪಾರಾದರು, ಅವರು ಉಳಿಯಲಿಲ್ಲ.

ಕರೆ ಹೋದ ಮೂರೇ ನಿಮಿಷಗಳಲ್ಲಿ ಪೊಲೀಸರು ಕಟ್ಟಡದ ಬಳಿ ಇದ್ದರು. ಬೆಳಗಿನ ಕೊಲೆಗಳ ಕಾರಣ ಕ್ಯಾಂಪಸ್ ಪೊಲೀಸರ ಜೊತೆಗೆ ಬ್ಲ್ಯಾಕ್ಸ್‌ಬರ್ಗ್ ಪಟ್ಟಣದ ವಿಶೇಷ ತಂಡವೂ ಸಜ್ಜಾಗಿಯೇ ಇತ್ತು. ಬಂದೂಕಿಗೇನೂ ಕೊರತೆ ಇರಲಿಲ್ಲ. ಸರಪಳಿಯಿಂದಾಗಿ ಒಳಹೋಗಲು ಇನ್ನೂ ಐದು ನಿಮಿಷ ಹಿಡಿಯಿತು. ಬೀಗಕ್ಕೆ ಶಾಟ್‌ಗನ್ ಹೊಡೆದು ಅವರು ಒಳನುಗ್ಗುವ ಹೊತ್ತಿಗೆ ಹಂತಕ ತನ್ನ ತಲೆಗೇ ಗುಂಡು ಹೊಡೆದುಕೊಂಡ. ಅಂದು ನಿಜಕ್ಕೂ ಕೊರತೆಯಿದ್ದದ್ದು ಎಚ್ಚರಿಕೆಗೆ. ಎರಡು ಗಂಟೆ ಮೊದಲೇ ವಿದ್ಯಾರ್ಥಿಗಳಿಗೆ ವಿಷಯ ಮುಟ್ಟಿದ್ದರೆ ನಾರಿಸ್ ಹಾಲ್‌ನಲ್ಲಿ ಎಷ್ಟು ಕುರ್ಚಿಗಳು ಖಾಲಿ ಇರುತ್ತಿದ್ದವು ಎಂಬ ಪ್ರಶ್ನೆ ಮಕ್ಕಳನ್ನು ಕಳೆದುಕೊಂಡ ಪೋಷಕರನ್ನು ಬಹಳ ಕಾಲ ಕಾಡಿತು. ಇನ್ನೊಂದು ಲೋಪ ಇನ್ನೂ ಹಿಂದಿನದು. ಆತನಿಗೆ ಮಾನಸಿಕ ಚಿಕಿತ್ಸೆ ಕೊಡಿಸಬೇಕೆಂದು 2005ರಲ್ಲೇ ನ್ಯಾಯಾಂಗ ಆದೇಶವಾಗಿತ್ತು. ಆ ಮಾಹಿತಿ ಬಂದೂಕು ಖರೀದಿಯ ತಪಾಸಣಾ ಪಟ್ಟಿಗೆ ಸೇರಲೇ ಇಲ್ಲ. ಅವನು ಎರಡು ಪಿಸ್ತೂಲುಗಳನ್ನು ತಪಾಸಣೆ ದಾಟಿಯೇ ಕೊಂಡ.

ಹಾಗೆಂದು ಶಸ್ತ್ರಧಾರಿ ಕ್ಯಾಂಪಸ್ ಪೊಲೀಸರಿಂದ ಉಪಯೋಗವೇ ಇಲ್ಲ ಎನ್ನುವುದು ಅನ್ಯಾಯವಾದೀತು. 2016ರ ನವೆಂಬರ್ 28ರಂದು ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಒಬ್ಬಾತ ಜನರ ಮೇಲೆ ಕಾರು ನುಗ್ಗಿಸಿ, ಕೆಳಗಿಳಿದು ಕತ್ತಿಯಿಂದ ಇರಿಯತೊಡಗಿದ. ಅನಿಲ ಸೋರಿಕೆಯ ದೂರು ಬಂದಿದ್ದರಿಂದ ಅಲ್ಲೇ ಪಕ್ಕದಲ್ಲಿದ್ದ ಕ್ಯಾಂಪಸ್ ಪೊಲೀಸ್ ಅಧಿಕಾರಿ ಅಲನ್ ಹೊರುಜ್ಕೊ ಎರಡು ನಿಮಿಷದೊಳಗೆ ಅವನನ್ನು ಗುಂಡಿಕ್ಕಿ ಕೆಡವಿದರು. ಹತ್ತಕ್ಕೂ ಹೆಚ್ಚು ಜನ ಗಾಯಗೊಂಡರು, ದಾಳಿಕೋರನ ಹೊರತು ಯಾರೂ ಸಾಯಲಿಲ್ಲ. 2025ರ ಏಪ್ರಿಲ್ 17ರಂದು ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯೊಬ್ಬ ಇಬ್ಬರನ್ನು ಕೊಂದು ಹಲವರನ್ನು ಗಾಯಗೊಳಿಸಿದಾಗಲೂ ಕ್ಯಾಂಪಸ್ ಪೊಲೀಸರು ಕೆಲವೇ ನಿಮಿಷಗಳಲ್ಲಿ ಅವನಿಗೆ ಗುಂಡು ಹೊಡೆದು ತಡೆದರು. ಆ ಹುಡುಗನ ಕೈಯಲ್ಲಿದ್ದದ್ದು ಪೊಲೀಸ್ ಅಧಿಕಾರಿಯಾಗಿದ್ದ ಅವನ ಮಲತಾಯಿಯ ಪಿಸ್ತೂಲು.

ನಿಮಿಷಗಳ ಲೆಕ್ಕ ಏಕೆ ಮುಖ್ಯ ಎಂಬುದಕ್ಕೆ ಎಫ್‌ಬಿಐ ಅಧ್ಯಯನವೊಂದು ಉತ್ತರ ಕೊಡುತ್ತದೆ. 2000ದಿಂದ 2013ರವರೆಗೆ ನಡೆದ ಬಂದೂಕುಧಾರಿಗಳ ದಾಳಿಯ 160 ಪ್ರಕರಣಗಳನ್ನು ಅದು ಪರಿಶೀಲಿಸಿತು. ಎಷ್ಟು ಹೊತ್ತು ನಡೆಯಿತೆಂದು ಖಚಿತವಾಗಿ ಹೇಳಬಹುದಾದ 63 ಪ್ರಕರಣಗಳಲ್ಲಿ 44 ಐದು ನಿಮಿಷದೊಳಗೆ, 23 ಎರಡು ನಿಮಿಷದೊಳಗೆ ಮುಗಿದಿದ್ದವು. ದೂರದ ಠಾಣೆಯಿಂದ ಜೀಪು ಹೊರಟು ಬರುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. 2015ರಲ್ಲಿ ಒರೆಗಾನ್‌ನ ಅಂಪ್ಕ್ವಾ ಸಮುದಾಯ ಕಾಲೇಜಿನಲ್ಲಿ ಒಂಬತ್ತು ಮಂದಿ ಸತ್ತಾಗ ಅಲ್ಲಿದ್ದದ್ದು ನಿರಾಯುಧ ಕಾವಲು ಮಾತ್ರ. ಶಸ್ತ್ರಧಾರಿ ಸಿಬ್ಬಂದಿ ಬೇಕೇ ಎಂದು ಹಿಂದೆ ಚರ್ಚಿಸಿ, ಬೇಡವೆಂದು ತೀರ್ಮಾನಿಸಿದ್ದ ಕಾಲೇಜು ಅದು. ಆದರೆ ಇದೇ ಅಧ್ಯಯನದ ಇನ್ನೊಂದು ಸಂಖ್ಯೆಯನ್ನೂ ಗಮನಿಸಬೇಕು. ಹದಿನಾಲ್ಕು ವರ್ಷಗಳಲ್ಲಿ, ಸಾವಿರಾರು ಕಾಲೇಜುಗಳಿರುವ ಆ ದೇಶದಲ್ಲಿ, ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ನಡೆದ ಇಂಥ ದಾಳಿಗಳು 12. ಅಂದರೆ ಕ್ಯಾಂಪಸ್ ಪೊಲೀಸರಲ್ಲಿ ಹೆಚ್ಚಿನವರು ಇಡೀ ಸೇವಾವಧಿಯಲ್ಲಿ ಅಂಥ ಒಂದು ದಾಳಿಯನ್ನೂ ಕಾಣುವುದಿಲ್ಲ. ಪಿಸ್ತೂಲು ಮಾತ್ರ ದಿನವೂ ಸೊಂಟದಲ್ಲಿರುತ್ತದೆ.

ದಿನನಿತ್ಯದ ಆ ಕೆಲಸದಲ್ಲಿ ಏನಾಗುತ್ತದೆಂದು ತೋರಿಸಿಕೊಟ್ಟದ್ದು ಸಿನ್ಸಿನಾಟಿ. 2015ರ ಜುಲೈ 19ರ ಸಂಜೆ ಸಿನ್ಸಿನಾಟಿ ವಿಶ್ವವಿದ್ಯಾಲಯದ ಪೊಲೀಸ್ ರೇ ಟೆನ್ಸಿಂಗ್, ಕ್ಯಾಂಪಸ್ಸಿನ ಹೊರಗಿನ ಬೀದಿಯಲ್ಲಿ ಒಂದು ಕಾರನ್ನು ತಡೆದ. ಕಾರಿಗೆ ಮುಂದಿನ ನಂಬರ್ ಪ್ಲೇಟ್ ಇರಲಿಲ್ಲ, ತಪ್ಪು ಅಷ್ಟೇ. ಒಳಗಿದ್ದ 43 ವರ್ಷದ ಸ್ಯಾಮ್ಯುಯೆಲ್ ಡುಬೋಸ್ ವಿದ್ಯಾರ್ಥಿಯೂ ಅಲ್ಲ, ಸಿಬ್ಬಂದಿಯೂ ಅಲ್ಲ. ಲೈಸೆನ್ಸ್ ಎಲ್ಲಿ ಎಂಬ ಮಾತುಕತೆ ನಡೆಯಿತು, ಲೈಸೆನ್ಸ್ ಸಿಗಲಿಲ್ಲ. ಕಾರಿನಿಂದ ಇಳಿಸಲು ಪೊಲೀಸ್ ಬಾಗಿಲಿಗೆ ಕೈ ಹಾಕಿದಾಗ ಡುಬೋಸ್ ಬಾಗಿಲನ್ನು ಒಳಗೆಳೆದುಕೊಂಡು ಕಾರು ಚಾಲೂ ಮಾಡಿದ. ಮರುಕ್ಷಣ ತಲೆಗೆ ಗುಂಡು. ಕಾರು ನನ್ನನ್ನು ಎಳೆದುಕೊಂಡು ಹೋಗುತ್ತಿತ್ತು ಎಂದು ಟೆನ್ಸಿಂಗ್ ಹೇಳಿದ. ಅವನದೇ ಎದೆಯ ಮೇಲಿದ್ದ ಕ್ಯಾಮೆರಾದ ದೃಶ್ಯ ಆ ಮಾತಿಗೆ ಹೊಂದುತ್ತಿಲ್ಲವೆಂದು ಸರ್ಕಾರಿ ವಕೀಲರು ಕೊಲೆ ಆರೋಪ ಹೊರಿಸಿದರು. ವಿಶ್ವವಿದ್ಯಾಲಯಗಳಿಗೆ ಪೊಲೀಸ್ ಕೆಲಸವೇ ಬೇಡ ಎಂಬ ಅಭಿಪ್ರಾಯವನ್ನೂ ಅವರು ಬಹಿರಂಗವಾಗಿಯೇ ಹೇಳಿದರು. ಎರಡು ಬಾರಿ ವಿಚಾರಣೆ ನಡೆದರೂ ಜ್ಯೂರಿಯಲ್ಲಿ ಒಮ್ಮತ ಮೂಡದೆ, ಕೊನೆಗೆ ಆರೋಪ ಕೈಬಿಡಲಾಯಿತು. ವಿಶ್ವವಿದ್ಯಾಲಯ ಕುಟುಂಬಕ್ಕೆ 48.5 ಲಕ್ಷ ಡಾಲರ್ ಪರಿಹಾರ ಕೊಟ್ಟಿತು, ಡುಬೋಸ್‌ನ 12 ಮಕ್ಕಳಿಗೆ ಉಚಿತ ಪದವಿ ಶಿಕ್ಷಣದ ಭರವಸೆ ಕೊಟ್ಟಿತು. ಹಂತಕರಿಂದ ವಿದ್ಯಾರ್ಥಿಗಳನ್ನು ಕಾಯಲೆಂದು ಕೊಟ್ಟ ಆಯುಧ ನಂಬರ್ ಪ್ಲೇಟಿನ ತಗಾದೆಯಲ್ಲಿ ಒಬ್ಬ ತಂದೆಯನ್ನು ಕೊಂದಿತು.

ಇನ್ನೂ ಕರುಳು ಹಿಂಡುವುದು ಜಾರ್ಜಿಯಾ ಟೆಕ್‌ನ ಪ್ರಕರಣ. 2017ರ ಸೆಪ್ಟೆಂಬರ್ 16ರ ರಾತ್ರಿ, 21 ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ತಾವೇ ತುರ್ತು ಸಹಾಯದ 911ಕ್ಕೆ ಕರೆ ಮಾಡಿ, ಚಾಕು ಹಿಡಿದ, ಬಂದೂಕೂ ಇರಬಹುದಾದ ಅನುಮಾನಾಸ್ಪದ ವ್ಯಕ್ತಿ ಇಲ್ಲಿದ್ದಾನೆ ಎಂದರು. ವರ್ಣಿಸಿದ್ದು ತಮ್ಮನ್ನೇ. ಕೋಣೆಯಲ್ಲಿ ಸಾಯುವ ಮುನ್ನ ಬರೆದಿಟ್ಟ ಪತ್ರಗಳಿದ್ದವು. ಬರಿಗಾಲಲ್ಲಿ ಹೆಜ್ಜೆ ಹಾಕುತ್ತ ಬಂದವರಿಗೆ ‘ಚಾಕು ಕೆಳಗಿಡು’ ಎಂದು ಕ್ಯಾಂಪಸ್ ಪೊಲೀಸರು ಮತ್ತೆ ಮತ್ತೆ ಕೂಗಿದರು. ಹೆಜ್ಜೆ ನಿಲ್ಲಲಿಲ್ಲ. ಒಬ್ಬ ಅಧಿಕಾರಿ ಗುಂಡು ಹಾರಿಸಿದರು. ಕೈಯಲ್ಲಿದ್ದದ್ದು ಬಹೂಪಯೋಗಿ ಕಿರುಸಲಕರಣೆ, ಅದರ ಅಲಗು ಮಡಚಿಯೇ ಇತ್ತು. ಆ ಪಡೆಯ ಪೊಲೀಸರ ಬಳಿ ವಿದ್ಯುತ್ ಆಘಾತ ನೀಡಿ ಕೆಡಹುವ ಟೇಸರ್ ಇರಲಿಲ್ಲ. ಕಾಲೇಜು ವಯಸ್ಸಿನ ಮನಸ್ಸು ಕುಸಿಯುವುದು ಕ್ಯಾಂಪಸ್ ಪೊಲೀಸರಿಗೆ ಅಪರೂಪದ ಸಂಗತಿಯೇನಲ್ಲ. ಅಂಥ ಕರೆಗೆ ಮೊದಲು ಹೋಗುವವರ ಕೈ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಸೊಂಟದಲ್ಲಿ ಏನಿದೆ ಎಂಬುದೂ ನಿರ್ಧರಿಸುತ್ತದೆ.

ಸೊಂಟದ ಪಿಸ್ತೂಲು ಪೊಲೀಸರಿಗೂ ಅಪಾಯ ತರಬಲ್ಲದು. 2013ರ ಏಪ್ರಿಲ್ 18ರ ರಾತ್ರಿ ಬಾಸ್ಟನ್ ಮ್ಯಾರಥಾನ್ ಬಾಂಬ್ ದಾಳಿಯ ಸೋದರರು ಎಂಐಟಿಯ ಪೊಲೀಸ್ ಶಾನ್ ಕಾಲಿಯರ್‌ರನ್ನು ಅವರ ಕಾರಿನಲ್ಲೇ ಕೊಂದರು. ಅವರಿಗೆ ಬೇಕಿದ್ದದ್ದು ಕಾಲಿಯರ್‌ರ ಪಿಸ್ತೂಲು. ಕಸಿಯಲು ಬಾರದಂತೆ ರೂಪಿಸಿದ ಒರೆಯ ಬಿಗಿತ ಬಿಡಿಸಲಾಗದೆ ಬರಿಗೈಯಲ್ಲಿ ಓಡಿದರು.

ಬಂದೂಕನ್ನು ಕೊಟ್ಟು, ಕಿತ್ತು, ಮತ್ತೆ ಕೊಟ್ಟು ನೋಡಿದ ಒಂದು ಕ್ಯಾಂಪಸ್ ಇದೆ. ಒರೆಗಾನ್‌ನ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ವಿದ್ಯಾರ್ಥಿಗಳ ಪ್ರತಿಭಟನೆಯ ನಡುವೆಯೇ 2014ರ ಡಿಸೆಂಬರ್‌ನಲ್ಲಿ ಶಸ್ತ್ರಧಾರಿ ಪೊಲೀಸ್ ಪಡೆಗೆ ಒಪ್ಪಿಗೆ ಕೊಟ್ಟಿತು. 2018ರ ಜೂನ್ 29ರ ನಡುರಾತ್ರಿಯ ಮೇಲೆ ಕ್ಯಾಂಪಸ್ ಅಂಚಿನ ಬಾರೊಂದರ ಮುಂದೆ ಹೊಡೆದಾಟವಾಯಿತು. ನೌಕಾಪಡೆಯಲ್ಲಿದ್ದು ಬಂದು ಅಂಚೆ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ 45 ವರ್ಷದ ಜೇಸನ್ ವಾಷಿಂಗ್ಟನ್ ಜಗಳ ಬಿಡಿಸಲು ನಡುವೆ ನುಗ್ಗಿದರು. ಕುಡಿದಿದ್ದ ಸ್ನೇಹಿತನ ಪಿಸ್ತೂಲನ್ನು ಸುರಕ್ಷಿತವಾಗಿರಲೆಂದು ಅವರು ತಮ್ಮ ಬಳಿ ಇಟ್ಟುಕೊಂಡಿದ್ದರು, ಅದನ್ನು ಹೊಂದಲು ಅವರಿಗೆ ಪರವಾನಗಿಯೂ ಇತ್ತು. ನೂಕಾಟದಲ್ಲಿ ಅದು ಕೆಳಗೆ ಬಿತ್ತು. ಅದು ಮತ್ತೆ ಅವರ ಕೈಗೆ ಬಂದಾಗ ಕ್ಯಾಂಪಸ್ ಪೊಲೀಸರು ಗುಂಡು ಹಾರಿಸಿದರು. ಗ್ರ್ಯಾಂಡ್ ಜ್ಯೂರಿ ಆರೋಪ ಹೊರಿಸಲಿಲ್ಲ. ವಿಶ್ವವಿದ್ಯಾಲಯ ಕುಟುಂಬಕ್ಕೆ ಹತ್ತು ಲಕ್ಷ ಡಾಲರ್ ಕೊಟ್ಟಿತು.

ಪೊಲೀಸರ ಕೈಯಲ್ಲಾದ ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರದ ಆಕ್ರೋಶದಲ್ಲಿ, 2020ರ ಆಗಸ್ಟ್‌ನಲ್ಲಿ, ಇನ್ನು ಮುಂದೆ ನಮ್ಮ ಪೊಲೀಸರು ಬಂದೂಕಿಲ್ಲದೆ ಗಸ್ತು ತಿರುಗುತ್ತಾರೆ ಎಂದು ವಿಶ್ವವಿದ್ಯಾಲಯ ಘೋಷಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಅದು ಜಾರಿಗೂ ಬಂತು. ಆಯುಧಗಳು ಠಾಣೆಯಲ್ಲಿರುತ್ತಿದ್ದವು, ತೀರಾ ಅಗತ್ಯ ಬಿದ್ದಾಗ ಹೊರತೆಗೆಯಬಹುದಿತ್ತು. ಆದರೆ ನಗರದ ನಡುಮಧ್ಯದ ಆ ಕ್ಯಾಂಪಸ್ಸಿನ ಸುತ್ತ ಶಸ್ತ್ರ ಹಿಡಿದು ಓಡಾಡುವವರು ಹೆಚ್ಚಾದರೆಂಬ ಕಾರಣ ಕೊಟ್ಟು 2023ರಲ್ಲಿ ಪೊಲೀಸರು ಮತ್ತೆ ಪಿಸ್ತೂಲಿನೊಂದಿಗೆ ಗಸ್ತಿಗಿಳಿದರು. ವಾಷಿಂಗ್ಟನ್ ಸಾವಿನಿಂದ ನೊಂದವರಿಗೆ ಇದು ಮಾತು ತಪ್ಪಿದಂತೆ ಕಂಡಿತು. ಕತ್ತಲಲ್ಲಿ ಬರಿಗೈಯಲ್ಲಿ ನಿಲ್ಲಬೇಕಿದ್ದ ಪೊಲೀಸರ ಭಯವೂ ಸುಳ್ಳಾಗಿರಲಿಲ್ಲ.

ಆ ಭಯಕ್ಕೆ ಕಾರಣ ಕ್ಯಾಂಪಸ್ಸಿನೊಳಗೇ ಹುಟ್ಟಿದ್ದೂ ಅಲ್ಲ. ಟೆಕ್ಸಸ್‌ನಲ್ಲಿ 2016ರ ಆಗಸ್ಟ್ 1ರಿಂದ ಪರವಾನಗಿ ಇರುವವರು ಸರ್ಕಾರಿ ವಿಶ್ವವಿದ್ಯಾಲಯಗಳ ಕಟ್ಟಡಗಳೊಳಗೂ ಮರೆಮಾಡಿ ಪಿಸ್ತೂಲು ಒಯ್ಯಬಹುದು. ಆ ಕಾನೂನು ಜಾರಿಯಾದ ದಿನ ಗೋಪುರದ ಹತ್ಯಾಕಾಂಡಕ್ಕೆ ಸರಿಯಾಗಿ ಐವತ್ತು ವರ್ಷ ತುಂಬಿತ್ತು. ವಿದ್ಯಾರ್ಥಿಯ ಬ್ಯಾಗಿನಲ್ಲಿ ಕಾನೂನುಬದ್ಧವಾಗಿಯೇ ಪಿಸ್ತೂಲು ಇರಬಹುದಾದ ಕಡೆ ಪೊಲೀಸರು ಮಾತ್ರ ನಿರಾಯುಧರಾಗಿರಲಿ ಎಂದು ಕೇಳುವುದು ಕಷ್ಟ. ದೇಶದ ಬಂದೂಕು ಕಾನೂನನ್ನು ಮುಟ್ಟದೆ ಕ್ಯಾಂಪಸ್ ಪೊಲೀಸರ ಪಿಸ್ತೂಲನ್ನಷ್ಟೇ ಚರ್ಚಿಸುವವರಿಗೆ ಅರ್ಧ ಉತ್ತರವಷ್ಟೇ ಸಿಗುತ್ತದೆ.

ಆ ಅರ್ಧ ಉತ್ತರಕ್ಕೂ ಬೆಲೆ ಇದೆ. ಯಾವ ಕರೆಗೆ ಯಾರು ಹೋಗಬೇಕೆಂದು ವಿಶ್ವವಿದ್ಯಾಲಯಗಳು ಇಂದೇ ನಿರ್ಧರಿಸಬಹುದು. ಪಾರ್ಕಿಂಗ್, ಗಲಾಟೆ, ಕಳೆದ ಲ್ಯಾಪ್‌ಟಾಪ್ ಮುಂತಾದ ಕೆಲಸಕ್ಕೆ ಪಿಸ್ತೂಲು ಬೇಕಿಲ್ಲ. ಮನಸ್ಸು ಮುರಿದ ವಿದ್ಯಾರ್ಥಿಯ ಬಾಗಿಲಿಗೆ ಮೊದಲು ಹೋಗಬೇಕಾದವರು ಆಪ್ತಸಮಾಲೋಚಕರು. ಒರೆಗಾನ್‌ನದೇ ಯುಜೀನ್ ನಗರದಲ್ಲಿ 1989ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಇಂಥ ಕರೆಗಳಿಗೆ ನಿರಾಯುಧ ತಂಡಗಳು ವ್ಯಾನಿನಲ್ಲಿ ಹೋಗುತ್ತಿದ್ದವು. ಕ್ಯಾಂಪಸ್ ಪೊಲೀಸರು ಹೊರಗಿನ ಬೀದಿಯಲ್ಲಿ ಕಾರು ತಡೆಯಬಾರದೆಂದು ಒಂದು ಸಾಲಿನ ನಿಯಮ ಇದ್ದಿದ್ದರೆ ಡುಬೋಸ್ ಅಂದು ಮನೆಗೆ ಹೋಗಿರುತ್ತಿದ್ದ. ಬಂದೂಕು ಇರಲೇಬೇಕೆಂದಾದರೆ ಅದು ಕೆಲವೇ ನುರಿತ ಅಧಿಕಾರಿಗಳ ಬಳಿ, ತಲುಪಬಲ್ಲಷ್ಟು ಹತ್ತಿರದಲ್ಲಿ, ದಿನದ ಪ್ರತಿ ಮಾತುಕತೆಯಿಂದ ದೂರದಲ್ಲಿ ಇರಬೇಕು. ಇದರಲ್ಲಿ ಒಂದೆರಡು ನಿಮಿಷ ತಡವಾಗುವ ಅಪಾಯ ಇದೆ, ನಿಜ. ದಿನನಿತ್ಯದ ಗಸ್ತಿನಲ್ಲಿ ಹೋಗುವ ಜೀವಗಳನ್ನು ಇನ್ನೊಂದು ತಟ್ಟೆಯಲ್ಲಿಟ್ಟು ತೂಗಿದರೆ ಆ ಅಪಾಯವನ್ನು ಒಪ್ಪಿಕೊಳ್ಳುವುದೇ ಸರಿ.

ಸೈನ್ಯದ ಹೆಚ್ಚುವರಿ ಸಾಮಗ್ರಿ ಹಂಚುವ ಯೋಜನೆಯಡಿ ಎಂ-16 ರೈಫಲ್‌ಗಳನ್ನು ಪಡೆದ ವಿಶ್ವವಿದ್ಯಾಲಯಗಳ ಬಗ್ಗೆಯಂತೂ ಹೇಳುವುದೇ ಬೇಡ. ಓಹಾಯೋ ಸ್ಟೇಟ್ 2013ರಲ್ಲಿ ನೆಲಬಾಂಬ್ ತಡೆಯುವ ಯುದ್ಧವಾಹನವನ್ನೇ ತರಿಸಿಕೊಂಡಿತ್ತು. ಅದಕ್ಕೆ ವಿದ್ಯಾಲಯದಲ್ಲಿ ಯಾವ ಕೆಲಸವೂ ಇಲ್ಲ.

ಕರ್ನಾಟಕಕ್ಕೂ ಈ ಪ್ರಶ್ನೆ ಒಮ್ಮೆ ಹತ್ತಿರ ಬಂದಿತ್ತು. 2005ರ ಡಿಸೆಂಬರ್ 28ರ ಸಂಜೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಮ್ಮೇಳನ ಮುಗಿಸಿ ಹೊರಬರುತ್ತಿದ್ದವರ ಮೇಲೆ ಗುಂಡಿನ ದಾಳಿ ನಡೆದು, ದೆಹಲಿ ಐಐಟಿಯ ನಿವೃತ್ತ ಪ್ರಾಧ್ಯಾಪಕ ಎಂ.ಸಿ. ಪುರಿ ಸತ್ತರು, ನಾಲ್ವರು ಗಾಯಗೊಂಡರು. ಮುಂಬೈ ದಾಳಿಯ ಬಳಿಕ ಕಾನೂನು ತಿದ್ದುಪಡಿಯಾಗಿ, 2009ರಲ್ಲಿ ಬೆಂಗಳೂರಿನ ಇನ್ಫೊಸಿಸ್ ಆವರಣಕ್ಕೆ ಸಿಐಎಸ್‌ಎಫ್‌ನ ಶಸ್ತ್ರಧಾರಿ ಕಾವಲು ಬಂತು. ವಿಶ್ವವಿದ್ಯಾಲಯಗಳೇ ಸ್ವಂತ ಪೊಲೀಸ್ ಪಡೆ ಕಟ್ಟಿಕೊಳ್ಳುವ ಅಮೆರಿಕದ ದಾರಿಯನ್ನು ಮಾತ್ರ ಇಲ್ಲಿ ಯಾರೂ ಹಿಡಿಯಲಿಲ್ಲ.

ಮಗಳನ್ನೋ ಮಗನನ್ನೋ ಅಮೆರಿಕಕ್ಕೆ ಓದಲು ಕಳಿಸುವ ಇಲ್ಲಿನ ಮನೆಗಳು ರ‍್ಯಾಂಕಿಂಗ್, ಶುಲ್ಕ, ವೀಸಾ ಎಲ್ಲ ವಿಚಾರಿಸುತ್ತವೆ. ಅಲ್ಲಿನ ಕ್ಯಾಂಪಸ್ ಪೊಲೀಸರ ಬಗ್ಗೆಯೂ ವಿಚಾರಿಸಬಹುದು. 1986ರಲ್ಲಿ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲಿ ಕೊಲೆಯಾದ ವಿದ್ಯಾರ್ಥಿನಿ ಜೀನ್ ಕ್ಲೆರಿಯ ತಂದೆತಾಯಿ ಹೋರಾಡಿ ತಂದ ಕಾನೂನಿನ ಪ್ರಕಾರ, ಸರ್ಕಾರದ ವಿದ್ಯಾರ್ಥಿ ನೆರವು ಪಡೆಯುವ ಪ್ರತಿ ವಿಶ್ವವಿದ್ಯಾಲಯವೂ ವರ್ಷಕ್ಕೊಮ್ಮೆ, ಅಕ್ಟೋಬರ್ 1ರೊಳಗೆ, ಭದ್ರತಾ ವರದಿ ಪ್ರಕಟಿಸಬೇಕು. ಕ್ಯಾಂಪಸ್ಸಿನಲ್ಲಿ ನಡೆದ ಅಪರಾಧಗಳ ಲೆಕ್ಕ, ಭದ್ರತಾ ಸಿಬ್ಬಂದಿಗೆ ಬಂಧಿಸುವ ಅಧಿಕಾರ ಇದೆಯೇ, ಅವರ ವ್ಯಾಪ್ತಿ ಎಲ್ಲಿಯವರೆಗೆ, ಊರಿನ ಪೊಲೀಸರೊಂದಿಗೆ ಎಂಥ ಒಪ್ಪಂದವಿದೆ, ಅಪಾಯ ಬಂದಾಗ ವಿದ್ಯಾರ್ಥಿಗಳಿಗೆ ಹೇಗೆ ತಿಳಿಸುತ್ತಾರೆ ಎಂಬುದೆಲ್ಲ ಅದರಲ್ಲಿರುತ್ತದೆ. ವರ್ಜೀನಿಯಾ ಟೆಕ್ ಘಟನೆಯ ಮರುವರ್ಷ, 2008ರಲ್ಲಿ, ತುರ್ತು ಎಚ್ಚರಿಕೆಯನ್ನು ತಡಮಾಡದೆ ಕಳಿಸಬೇಕೆಂಬ ನಿಯಮವೂ ಅದೇ ಕಾನೂನಿಗೆ ಸೇರಿತು. ವರದಿ ಉಚಿತ, ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಸಿಗುತ್ತದೆ, ಪ್ರವೇಶಕ್ಕೆ ಅರ್ಜಿ ಹಾಕುವವರೂ ಅದನ್ನು ಕೇಳಿ ಪಡೆಯಬಹುದು.